ಮೊದಲ ಮಳೆಯ ಗೋಡೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಕುಲ ಗೋತ್ರ ಕೇಳುವ ಮೊದಲು ಮನೆ ಯಾವ ತಿಂಗಳದ್ದು ಎಂದು ಕೇಳುತ್ತಿದ್ದರು. ನಾಚಿಕೊಂಡು ಕೇಳದೆ ಬಿಟ್ಟವರು ಆಮೇಲೆ ಅನುಭವಿಸುತ್ತಿದ್ದರು. ವೈಶಾಖದ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯನ್ನು ಪುಷ್ಯದ ಮನೆಗೆ ಕೊಟ್ಟರೆ ಅವಳಿಗೆ ವರ್ಷವಿಡೀ ನೆಗಡಿ. ಹಬ್ಬಕ್ಕೆಂದು ತವರಿಗೆ ಬಂದವಳು ಗೋಡೆಗೆ ಬೆನ್ನು ಕೊಟ್ಟು ಕೂತರೆ, ಗಂಡ ಬಂದು ಬಾಗಿಲಲ್ಲಿ ಕೆಮ್ಮಿದರೂ ಏಳುತ್ತಿರಲಿಲ್ಲ.

ಊರಿನ ಮನೆಗಳಿಗೆಲ್ಲ ಜೋಡಿಗೋಡೆ. ಒಳಗೊಂದು, ಹೊರಗೊಂದು, ನಡುವೆ ನಾಲ್ಕು ಬೆರಳಿನ ಸಂದು. ಎರಡೂ ಗೋಡೆ ದೂರವಾಗದಂತೆ ಅಲ್ಲಲ್ಲಿ ಕಬ್ಬಿಣದ ಕೊಂಡಿ ಹಾಕಿರುತ್ತಾರೆ. ಹೊರಗೋಡೆ ಎಷ್ಟೇ ಮಳೆ ಕುಡಿದರೂ ನೀರು ಸಂದಿನಲ್ಲೇ ಇಳಿದು ಬುಡದ ಕಿಂಡಿಯಿಂದ ಹೊರಗೆ ಹೋಗುತ್ತದೆ, ಒಳಗೋಡೆ ಒಣಗಿಯೇ ಇರುತ್ತದೆ. ಇಷ್ಟು ಬೇರೆ ಊರುಗಳಲ್ಲೂ ಇರಬಹುದು. ನಮ್ಮೂರಿನಲ್ಲಿ ಮಾತ್ರ, ಕೊನೆಯ ಇಟ್ಟಿಗೆ ಇಟ್ಟು ಸಂದು ಮುಚ್ಚುವ ಹೊತ್ತಿಗೆ ಹೊರಗೆ ಯಾವ ಹವೆ ಇತ್ತೋ ಅದು ಆ ಮನೆಯಲ್ಲಿ ಉಳಿದುಬಿಡುತ್ತಿತ್ತು. ಕಿಂಡಿಯಿಂದ ನೀರು ಹೋಗುತ್ತಿತ್ತು, ಆ ದಿನ ಹೋಗುತ್ತಿರಲಿಲ್ಲ. ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ.

ಶಾಲೆಯನ್ನು ಯಾರೋ ಪುಣ್ಯಾತ್ಮರು ಪುಷ್ಯಮಾಸದ ಬೆಳಗಿನ ಜಾವ ಮುಚ್ಚಿಸಿದ್ದರು. ಬಿರುಬೇಸಿಗೆಯಲ್ಲಿ ನಾವು ಕಂಕುಳಲ್ಲಿ ಸ್ವೆಟರ್ ಇಟ್ಟುಕೊಂಡು ಬೆವರುತ್ತಾ ಹೋಗಿ, ಶಾಲೆಯ ಹೊಸ್ತಿಲಲ್ಲಿ ತೊಟ್ಟುಕೊಳ್ಳುತ್ತಿದ್ದೆವು. ಅಂಚೆ ಕಚೇರಿ ದೀಪಾವಳಿಯ ಮಾರನೆಯ ದಿನದ್ದು, ಅಲ್ಲಿಂದ ಬಂದ ಕಾಗದವೆಲ್ಲ ಪಟಾಕಿ ವಾಸನೆ. ಶಾನುಭೋಗರ ಮನೆ ಮುಚ್ಚುವ ಮುಹೂರ್ತದಲ್ಲೇ ಹಿಂದಿನ ಬೀದಿಯವರು ಒಣಮೀನು ಹುರಿದಿದ್ದರು. ಪಾಪ, ಅವರು ಮೂರು ತಲೆಮಾರಿನಿಂದ ಊದುಬತ್ತಿ ಹಚ್ಚುತ್ತಲೇ ಇದ್ದರು. ನಮ್ಮ ಎದುರುಮನೆ ಪಂಕಜಮ್ಮನದು ಅಪ್ಪಟ ವೈಶಾಖ. ಮಳೆಗಾಲದಲ್ಲೂ ಬೀದಿಯ ಸಂಡಿಗೆಯೆಲ್ಲ ಅವರ ಜಗಲಿಯಲ್ಲೇ ಒಣಗುತ್ತಿತ್ತು, ಬೀದಿಯ ಬಾಣಂತಿಯರೆಲ್ಲ ಅವರ ನಡುಮನೆಯಲ್ಲೇ ಬೆಚ್ಚಗಾಗುತ್ತಿದ್ದರು. ಮೊಸರು ಮಾತ್ರ ಅವರ ಮನೆಯಲ್ಲಿ ಕೇಳಬಾರದು, ಹೆಪ್ಪು ಹಾಕಿ ಕೈ ತೊಳೆಯುವುದರೊಳಗೆ ಹುಳಿ.

ಇಷ್ಟೆಲ್ಲ ಮನೆಗಳ ನಡುವೆ ಮೊದಲ ಮಳೆಯ ಮನೆ ಎಂದು ಇದ್ದದ್ದು ಒಂದೇ ಒಂದು. ಅದು ನಮ್ಮದು. ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಕಾದ ನೆಲದ ಮೇಲೆ ಆಗತಾನೆ ನಾಲ್ಕು ಹನಿ ಬಿದ್ದ ವಾಸನೆ. ಗೋಡೆ ಮುಟ್ಟಿದರೆ ಕೈಗೆ ತಂಪು. ದಸರೆ ಇರಲಿ, ಶಿವರಾತ್ರಿ ಇರಲಿ, ನಮ್ಮ ಮನೆಯೊಳಗೆ ಯಾವಾಗಲೂ ಮಳೆ ಇದೀಗ ಶುರುವಾಗುತ್ತಿತ್ತು. ಬೀದಿಯ ಹೆಂಗಸರು ಇಲ್ಲದ ನೆಪ ಮಾಡಿಕೊಂಡು, ಒಂದು ಹಿಡಿ ಕರಿಬೇವಿಗೋ ಒಂದು ಚಮಚ ಹೆಪ್ಪಿಗೋ ಬಂದು, ಅರ್ಧ ಗಂಟೆ ಗೋಡೆಗೆ ಒರಗಿ ಕೂತು, ಬಂದ ಕೆಲಸವನ್ನೇ ಮರೆತು ಹೋಗುತ್ತಿದ್ದರು.

ಆ ಮನೆ ಕಟ್ಟಿಸಿದವರು ನಮ್ಮ ದೊಡ್ಡಪ್ಪ ಸಿದ್ದರಾಜು. ಮೊದಲ ಮಳೆಯನ್ನು ಗೋಡೆಯಲ್ಲಿ ಹಿಡಿದವರೂ ಅವರೇ. ಅದು ಸುಲಭವಿರಲಿಲ್ಲ. ಮಳೆ ಬರುವಾಗ ಯಾವ ಮೇಸ್ತ್ರಿಯೂ ಗಾರೆಗೆ ಕೈ ಹಾಕುವುದಿಲ್ಲ, ಸುಣ್ಣ ತೊಳೆದು ಹೋಗುತ್ತದೆ. ಮಳೆ ನಿಂತ ಮೇಲೆ ಮುಚ್ಚೋಣವೆಂದರೆ ಆ ವಾಸನೆ ಇರುವುದಿಲ್ಲ. ಜೊತೆಗೆ ನಮ್ಮ ಅಜ್ಜಿ ಬೇರೆ, ಚೈತ್ರದ ಪಂಚಮಿ ಗುರುವಾರ ಎಂದು ಪಂಚಾಂಗ ತೆಗೆಸಿ ಮುಹೂರ್ತ ಇಟ್ಟುಬಿಟ್ಟಿದ್ದರು. ದೊಡ್ಡಪ್ಪ ಅಮ್ಮನ ಮಾತಿಗೆ ಎದುರಾಡುವವರಲ್ಲ. ಮುಹೂರ್ತದ ದಿನ ಎಲ್ಲರ ಎದುರಿಗೆ ಕೊನೆಯ ಇಟ್ಟಿಗೆ ಇಟ್ಟರು, ತೆಂಗಿನಕಾಯಿ ಒಡೆದರು, ಪಾಯಸ ಉಂಡರು. ಆದರೆ ಗಾರೆ ಹಾಕದೆ ಒಣ ಇಟ್ಟಿಗೆಯನ್ನೇ ಸಿಕ್ಕಿಸಿದ್ದರು. ವಿಷಯ ಗೊತ್ತಿದ್ದದ್ದು ಮರಿಸ್ವಾಮಿ ಮೇಸ್ತ್ರಿಗೆ, ಮತ್ತೆ ಆಗತಾನೆ ಮದುವೆಯಾಗಿ ಬಂದಿದ್ದ ದೊಡ್ಡಮ್ಮನಿಗೆ.

ದೊಡ್ಡಮ್ಮನ ಹೆಸರು ಚೆಲುವಮ್ಮ. ಅವಳ ತವರಿನಲ್ಲಿ ಗೋಡೆಗಳು ಒಂಟಿ, ಹವೆ ಬರುತ್ತದೆ, ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಒಂದು ಸಲ ಹೇಳಿದ್ದಳಂತೆ, ನಮ್ಮೂರಲ್ಲಿ ಮೊದಲ ಮಳೆ ಬಂದರೆ ಅಮ್ಮ ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಾಳೆ, ಅವಳ ಪಕ್ಕದಲ್ಲಿ ನಾನು ನಿಲ್ಲುತ್ತಿದ್ದೆ ಎಂದು. ಅಷ್ಟೇ. ಬೇಕು ಎಂದು ಕೇಳಿದವಳಲ್ಲ. ಹದಿನೈದು ದಿನ ದೊಡ್ಡಪ್ಪ ಮೋಡ ನೋಡಿಕೊಂಡೇ ತಿರುಗಿದರು. ಒಂದು ಮಧ್ಯಾಹ್ನ ಅಶ್ವಿನಿ ಮಳೆ ಬೆಟ್ಟದ ಕಡೆಯಿಂದ ಎದ್ದು ಬಂತು. ಮೇಸ್ತ್ರಿಯನ್ನು ಕರೆಸಲು ಹೊತ್ತಿರಲಿಲ್ಲ. ತಾವೇ ಏಣಿ ಹತ್ತಿದರು, ದೊಡ್ಡಮ್ಮ ಕೆಳಗೆ ಏಣಿ ಹಿಡಿದುಕೊಂಡಳು. ಒಣ ಇಟ್ಟಿಗೆ ತೆಗೆದು, ಹನಿ ಬಿದ್ದು ಮಣ್ಣಿನ ವಾಸನೆ ಏಳುವವರೆಗೂ ಕಾದು, ಎದ್ದ ಕೂಡಲೇ ಗಾರೆ ಮೆತ್ತಿ ಮುಚ್ಚಿ, ಮೇಲೆ ತಮ್ಮ ಅಂಗಿಯನ್ನೇ ಹೊದಿಸಿದರು. ವಿಷಯ ತಿಳಿದು ಅಜ್ಜಿ ಮೂರು ದಿನ ಮಗನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ತಮ್ಮ ಮಂಚವನ್ನು ಎಳೆಸಿ ಗೋಡೆಯ ಪಕ್ಕಕ್ಕೇ ಹಾಕಿಸಿಕೊಂಡರು.

ದೊಡ್ಡಪ್ಪ ಹೆಚ್ಚು ಕಾಲ ಬದುಕಲಿಲ್ಲ. ಮಗಳು ಕುಮುದಕ್ಕನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗ ಹೋದರು. ನಮ್ಮದು ಕೂಡುಕುಟುಂಬ, ಅಪ್ಪ ಅಮ್ಮ ಅಲ್ಲೇ ಇದ್ದರು, ಆಮೇಲೆ ನಾನು ಹುಟ್ಟಿದೆ. ನನಗೆ ನೆನಪಿರುವ ದೊಡ್ಡಮ್ಮ ಮಾತಿನ ಮಲ್ಲಿ, ಮನೆಯ ಯಜಮಾನಿ. ಅಪ್ಪನೂ ಅವಳನ್ನು ಕೇಳದೆ ಹಿತ್ತಲಿಗೆ ಬೇಲಿ ಹಾಕುತ್ತಿರಲಿಲ್ಲ. ಆದರೆ ದಿನಾ ಊಟವಾದ ಮೇಲೆ ನಡುಕೋಣೆಯ ಗೋಡೆಗೆ ಬೆನ್ನು ಒರಗಿಸಿ ಕಾಲು ಚಾಚಿ ಕೂತಳೆಂದರೆ ಮಾತು ಬಂದ್. ಹೂ ಕಟ್ಟುತ್ತಿರಲಿಲ್ಲ, ಬತ್ತಿ ಹೊಸೆಯುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಏನೂ ಕೇಳಬಾರದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಹೊರಗೆ ನಿಜವಾದ ಮೊದಲ ಮಳೆ ಬಂದಾಗ ಬೀದಿಗೆ ಬೀದಿಯೇ ಅಂಗಳಕ್ಕೆ ಓಡಿದರೂ ಅವಳು ಎದ್ದು ಹೋದವಳಲ್ಲ. ಮನೆಯಲ್ಲೇ ಇರುವಾಗ ಬೀದಿಯಲ್ಲೇಕೆ ಹುಡುಕಲಿ ಎನ್ನುತ್ತಿದ್ದಳು.

ಆ ನಡುಕೋಣೆಯ ಗೋಡೆಯಲ್ಲೇ, ಮೂಲೆಯಿಂದ ಎರಡು ಮೊಳ ಈಚೆಗೆ, ಒಂದು ವರ್ಷ ಒದ್ದೆ ಕಲೆ ಕಾಣಿಸಿಕೊಂಡಿತು. ಮೊದಲು ರೊಟ್ಟಿಯಷ್ಟಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಮೊರದಷ್ಟಾಯಿತು, ಸುಣ್ಣ ಹಪ್ಪಳದ ಹಾಗೆ ಎದ್ದು ಉದುರತೊಡಗಿತು. ಮರಿಸ್ವಾಮಿ ಮೇಸ್ತ್ರಿ ಬಂದ. ಅವನು ಕೆಲಸಕ್ಕಿಂತ ಬಾಯಿಗೆ ಹೆಸರಾದವನು. ಊರಿನ ಅರ್ಧ ಗೋಡೆಗಳನ್ನು ತಾನೇ ಕಟ್ಟಿದ್ದು, ಉಳಿದರ್ಧ ಬೀಳುವುದು ಖಂಡಿತ ಎಂದು ಹೇಳಿಕೊಂಡು ತಿರುಗುವವನು. ಗೋಡೆಗೆ ಕಿವಿಯಿಟ್ಟು, ಗೆಣ್ಣಿನಿಂದ ಕುಟ್ಟಿ, ಬುಡದ ಕಿಂಡಿಗೆ ಕಡ್ಡಿ ಹಾಕಿ ನೋಡಿ, ಕೊನೆಗೆ ಟವೆಲ್ಲು ಕೊಡವಿ ಎದ್ದು ನಿಂತ.

"ಸಂದಲ್ಲಿ ಏನೋ ಅಡ್ಡ ಕೂತೈತೆ ಕಣ್ರವ್ವ. ಹೊರಗೋಡೆ ನೀರು ಅದರ ಮ್ಯಾಲೆ ಹಾದು ಒಳಗೋಡೆಗೆ ದಾಟ್ತಾ ಐತೆ. ಬಿಚ್ಚಿ ತೆಗೀದೆ ಬೇರೆ ದಾರಿ ಇಲ್ಲ."

"ನನ್ನ ಹೆಣ ಎತ್ತಿದ ಮೇಲೆ ಬಿಚ್ಚು" ಎಂದಳು ದೊಡ್ಡಮ್ಮ.

ಬಿಚ್ಚುವುದು ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಹೊರಗೋಡೆಯ ಒಂದು ಇಟ್ಟಿಗೆ ತೆಗೆದರೆ ಮನೆಯ ಹವೆಯೆಲ್ಲ ಹೋಯಿತು, ಮತ್ತೆ ಬರುವುದಿಲ್ಲ. ಅಪ್ಪ ನಯವಾಗಿ ಹೇಳಿ ನೋಡಿದರು, ಅಮ್ಮ ಅತ್ತು ನೋಡಿದಳು. ದೊಡ್ಡಮ್ಮ ಸುಣ್ಣ ಬಳಿಸಿದಳು, ಪಟಿಕದ ನೀರು ಹೊಡೆಸಿದಳು, ಬೂದಿ ಮೆತ್ತಿದಳು, ಕಲೆಗೆ ಅಡ್ಡವಾಗಿ ಬೀರು ನಿಲ್ಲಿಸಿದಳು. ಬೀರುವಿನ ಹಿಂದೆ ಕಲೆ ತನ್ನ ಪಾಡಿಗೆ ಬೆಳೆಯಿತು. ಅಷ್ಟರಲ್ಲಿ ಕುಮುದಕ್ಕ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಳು. ಗಾಳಿ ಬೀಸದ, ಹೊಗೆ ಬಾರದ ಕೋಣೆ ಅಂತ ಇದ್ದದ್ದು ಆ ನಡುಕೋಣೆಯೊಂದೇ. ಅವಳ ಮಂಚ ಅಲ್ಲೇ ಬಿತ್ತು. ಬಂದ ವಾರಕ್ಕೇ ಅವಳಿಗೆ ಕೆಮ್ಮು ಶುರುವಾಯಿತು. ಶೀತ, ಕಷಾಯ ಕುಡಿದರೆ ಹೋಗುತ್ತದೆ ಎಂದಳು ದೊಡ್ಡಮ್ಮ. ಹಾಗೆನ್ನುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಪುಷ್ಯದಲ್ಲಿ ಒಂದು ಬೆಳಿಗ್ಗೆ ನಾವೆಲ್ಲ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಕುಮುದಕ್ಕನೂ ಎದ್ದು ಬಂದು ಮೊರದ ಮುಂದೆ ಕೂತಳು. ಎರಡು ಹಿಡಿ ಸುಲಿದಿದ್ದಾಳೋ ಇಲ್ಲವೋ, ಒಳಗೆ ದೊಪ್ಪನೆ ಸದ್ದಾಯಿತು. ಓಡಿ ಹೋಗಿ ನೋಡಿದರೆ ಬೀರುವಿನ ಮೇಲಿನ ಗಿಲಾವು ಅಷ್ಟಗಲ ಕಳಚಿ, ಎರಡು ಮೆತ್ತನೆ ಇಟ್ಟಿಗೆಯ ಸಮೇತ ಮಂಚದ ತಲೆದಿಂಬಿನ ಮೇಲೆ ಬಿದ್ದಿತ್ತು. ದೊಡ್ಡಮ್ಮ ಇಟ್ಟಿಗೆ ಎತ್ತಿ ಕೆಳಗಿಟ್ಟಳು. ತಲೆದಿಂಬು ತೆಗೆದು ಕೊಡವಿದಳು, ಮತ್ತೆ ಕೊಡವಿದಳು, ದೂಳು ಹೋದ ಮೇಲೂ ಕೊಡವುತ್ತಲೇ ಇದ್ದಳು. ಅಮ್ಮ ಹೋಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಆಗ ದೊಡ್ಡಮ್ಮ ಅಪ್ಪನ ಕಡೆ ತಿರುಗಿ, ಮೇಸ್ತ್ರಿಗೆ ಹೇಳಿ ಕಳಿಸು ಎಂದಳು.

ಮಾರನೆಯ ದಿನ ಅವನು ಬರುವವರೆಗೂ ಅವಳು ಗೋಡೆಗೆ ಒರಗಿ ಕೂತಿದ್ದಳು. ಬಂದಾಗ, ಇನ್ನೊಂದು ಗಳಿಗೆ ತಡಿ ಎನ್ನುತ್ತಾಳೇನೋ ಎಂದುಕೊಂಡೆ, ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು ಹಿತ್ತಲಿಗೆ ಬಂದಳು. ಮರಿಸ್ವಾಮಿ ಹೊರಗೋಡೆಗೆ ಉಳಿಯಿಟ್ಟು ಹೊಡೆದು, ಒಂದು ಇಟ್ಟಿಗೆ ಅಲ್ಲಾಡಿಸಿ, ಈಚೆಗೆ ಎಳೆದ.

ಅದು ಹೇಗೆ ಹೊರಗೆ ಬಂತೆಂದು ಇವತ್ತಿಗೂ ನನ್ನ ಮೈ ನೆನಪಿಟ್ಟುಕೊಂಡಿದೆ. ಮೊದಲು ಮುಖಕ್ಕೆ ತಂಪು ಬಡಿಯಿತು. ಆಮೇಲೆ ವಾಸನೆ, ನಾನು ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ, ಆದರೆ ಅಷ್ಟು ಒಟ್ಟಿಗೆ ಯಾವತ್ತೂ ಅಲ್ಲ. ಹಿತ್ತಲು ತುಂಬಿ, ಬೇಲಿ ದಾಟಿ, ಬೀದಿಗೆ ಇಳಿಯಿತು. ಪುಷ್ಯಮಾಸದ ಸುಡುಗಾಡು ಚಳಿಯಲ್ಲಿ, ಒಂದು ಚೂರು ಮೋಡವಿಲ್ಲದ ಆಕಾಶದ ಕೆಳಗೆ, ಪಂಕಜಮ್ಮ ಅಯ್ಯೋ ಸಂಡಿಗೆ ಎಂದುಕೊಂಡು ಹೊರಗೆ ಓಡಿ ಬಂದರು. ಯಾರೋ ತಂತಿಯ ಮೇಲಿನ ಬಟ್ಟೆ ಎಳೆದುಕೊಂಡರು. ಹಾಲಿನವನು ಎಮ್ಮೆ ಹೊಡೆದುಕೊಂಡು ಮರದ ಕೆಳಗೆ ನಿಂತ. ಆಮೇಲೆ ಒಬ್ಬೊಬ್ಬರಿಗೇ ಇದು ಏನೆಂದು ಅರ್ಥವಾಯಿತು. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲೇ ನಿಂತರು. ಬಿಚ್ಚೋಣವೆಂದು ಮೊದಲಿನಿಂದ ಹೇಳುತ್ತಿದ್ದ ಅಪ್ಪ, ಅಣ್ಣನ ನೆನಪಾಗಿ, ಎಲ್ಲರ ಎದುರಿಗೇ ಅತ್ತರು. ದೊಡ್ಡಮ್ಮ ಅಳಲಿಲ್ಲ. ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಂತಿದ್ದಳು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಇದ್ದಿರಬೇಕು. ಆಮೇಲೆ ಹಿತ್ತಲಿನಲ್ಲಿ ಬರೀ ಹಳೆ ಸುಣ್ಣದ ವಾಸನೆ.

ಇನ್ನಷ್ಟು ಇಟ್ಟಿಗೆ ತೆಗೆದು ಮರಿಸ್ವಾಮಿ ಭುಜದವರೆಗೂ ಕೈ ಇಳಿಸಿದ. ತಡಕಾಡಿ, ಉಸಿರು ಬಿಗಿಹಿಡಿದು ಎಳೆದ. ಬಂದದ್ದು ಒಂದು ಉದ್ದನೆ ಹಲಗೆ, ಗೋಣಿ ಸುತ್ತಿದ್ದು, ಒಂದು ತುದಿ ಕೊಳೆತು ಕಪ್ಪಾಗಿತ್ತು. ಮೇಲೆ ಗಾರೆಯ ಗಟ್ಟಿ ಹೆಂಟೆ ಕೂತಿತ್ತು.

ಅದೇನೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಗೋಡೆ ಏಳುವಾಗ ಗಾರೆ ಸಂದಿಗೆ ಬೀಳದಿರಲೆಂದು ಒಂದು ಹಲಗೆಗೆ ಗೋಣಿ ಸುತ್ತಿ, ಹಗ್ಗ ಕಟ್ಟಿ, ಸಂದಿನೊಳಗೆ ಇಳಿಬಿಟ್ಟಿರುತ್ತಾರೆ. ಗೋಡೆ ಎದ್ದ ಹಾಗೆ ಅದನ್ನು ಮೇಲೆ ಎಳೆಯುತ್ತಾ ಹೋಗಿ, ಕೊನೆಯ ಇಟ್ಟಿಗೆಗೆ ಮೊದಲು ಬಿದ್ದ ಗಾರೆಯ ಸಮೇತ ಹೊರಗೆ ತೆಗೆಯುತ್ತಾರೆ. ಹಲಗೆ ಎಳೆದು ಇಟ್ಟಿಗೆ ಇಡು ಎಂಬುದು ಇಲ್ಲಿ ಗಾದೆ. ಮುಹೂರ್ತದ ದಿನದ್ದು ನಿಜವಾದ ಮುಚ್ಚುವಿಕೆ ಅಲ್ಲವಲ್ಲ ಎಂದು ಮರಿಸ್ವಾಮಿ ಹಲಗೆಯನ್ನು ಒಳಗೇ ಬಿಟ್ಟಿದ್ದ. ಮಳೆ ಬಂದ ದಿನ ಏಣಿ ಹತ್ತಿದವರಿಗೆ ಅದರ ನೆನಪೇ ಆಗಿರಲಿಲ್ಲ. ಅಡ್ಡ ಬಂದ ಹಗ್ಗವನ್ನು ಸುತ್ತಿ ಒಳಗೆ ತುರುಕಿದ್ದರು. ಹಗ್ಗ ಇನ್ನೂ ಸಿಂಬೆಯ ಹಾಗೆಯೇ ಇತ್ತು.

ಮರಿಸ್ವಾಮಿಗೆ ಬೇರೆಯೇ ಸಂಕಟ. ಒಳಗೆ ಬಿಟ್ಟದ್ದನ್ನೇ ಮರೆತು, ಈ ಹಲಗೆ ಕದ್ದನೆಂದು ಅವನು ತನ್ನ ಭಾಮೈದನ ಹತ್ತಿರ ಅಂದಿನಿಂದ ಮಾತು ಬಿಟ್ಟಿದ್ದ. ಹೆಂಡತಿಯನ್ನು ತವರಿಗೂ ಸರಿಯಾಗಿ ಕಳಿಸಿರಲಿಲ್ಲ. ಈಗ ಯಾವ ಮುಖ ಹೊತ್ತು ಹೋಗಲಿ ಎಂದು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ನಮಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ಮಾತ್ರ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಗ್ಗದ ಸಿಂಬೆಯನ್ನು ನೋಡುತ್ತಿದ್ದಳು. ಎಷ್ಟು ಆತುರ ಪಟ್ಟಿದ್ದಾರೆ ನೋಡು ಎಂದಳು. ಬೈದ ಹಾಗಿರಲಿಲ್ಲ.

ಗೋಡೆ ತೆರೆದ ಮನೆಯಲ್ಲಿ ತೊಟ್ಟಿಲು ಕಟ್ಟಬಾರದು ಎಂಬುದು ಊರಿನ ಕಟ್ಟಲೆ. ಒಳಗೋಡೆಯನ್ನು ಮೇಸ್ತ್ರಿ ವಾರದಲ್ಲಿ ಸರಿ ಮಾಡಿದ, ಹೊರಗೋಡೆಯನ್ನೂ ಕಟ್ಟಿ, ಒಂದು ಇಟ್ಟಿಗೆಯ ಜಾಗ ಬಿಟ್ಟ. ಮೊದಲ ಮಳೆಗೆ ಇನ್ನು ಮೂರು ತಿಂಗಳು, ಅಲ್ಲಿಯವರೆಗೆ ಹಾಗೇ ಬಿಡೋಣ, ಈ ಸಲ ನಾನೇ ಮುಂದೆ ನಿಂತು ಮಳೆ ಹಿಡಿದುಕೊಡುತ್ತೇನೆ ಎಂದು ಆಣೆ ಮಾಡಿದ. ಬೀದಿಯವರದ್ದೂ ಅದೇ ಮಾತು. ಕುಮುದಕ್ಕನನ್ನು ಪಂಕಜಮ್ಮನ ಮನೆಗೆ ಕರೆದುಕೊಂಡು ಹೋದೆವು, ಅಲ್ಲಿ ಕೆಮ್ಮು ಮೂರೇ ದಿನಕ್ಕೆ ಹೋಯಿತು. ಮಾಘದಲ್ಲಿ ಹೆಣ್ಣುಮಗು ಹುಟ್ಟಿತು. ಎರಡು ಕಿವಿಯ ಮೇಲೂ ಕೂದಲು, ಥೇಟ್ ದೊಡ್ಡಪ್ಪನ ಹಣೆ. ತೊಟ್ಟಿಲು ಪಂಕಜಮ್ಮನ ತೊಲೆಗೆ ಕಟ್ಟಿದರು.

ದೊಡ್ಡಮ್ಮ ಬೀದಿ ದಾಟಿ ಹೋಗುವುದು, ಬರುವುದು ನಡೆಯಿತು. ಪಂಕಜಮ್ಮ ಒಳ್ಳೆಯವರು, ಆದರೆ ಎಷ್ಟಾದರೂ ಅದು ಅವರ ಮನೆ. ಮಗುವಿಗೆ ನೀರು ಹಾಕುವಾಗ ಇವಳು ಬಾಗಿಲ ಹತ್ತಿರ ನಿಂತು, ಬಿಸಿ ಜಾಸ್ತಿಯಾಯಿತೇನೋ ಎಂದು ಮೆಲ್ಲಗೆ ಹೇಳಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಏನನ್ನೂ ಮೆಲ್ಲಗೆ ಹೇಳಿದವಳಲ್ಲ ಅವಳು. ಮಧ್ಯಾಹ್ನ ಊಟವಾದ ಮೇಲೆ ಅಭ್ಯಾಸಬಲದಿಂದ ಗೋಡೆಯ ಹತ್ತಿರ ಹೋಗುತ್ತಿದ್ದಳು. ಬೆನ್ನಿಗೆ ಆ ತಂಪು ತಾಗುತ್ತಿರಲಿಲ್ಲ, ಹೊರಗೆ ಏನಿತ್ತೋ ಒಳಗೂ ಅದೇ. ಎರಡು ನಿಮಿಷ ಕೂತು ಎದ್ದುಬಿಡುತ್ತಿದ್ದಳು. ಒಂದು ದಿನ ಹಾಗೆ ಎದ್ದವಳು ಸೀದಾ ಮೇಸ್ತ್ರಿಯನ್ನು ಕರೆಸಿ, ನಾಳೆ ಮುಚ್ಚಿಬಿಡು ಎಂದಳು.

ಮರಿಸ್ವಾಮಿ ಹೌಹಾರಿದ. ಊರಿಗೊಂದೇ ಇದ್ದ ಮೊದಲ ಮಳೆಯ ಮನೆ, ಇನ್ನು ಎರಡು ತಿಂಗಳು ತಡೆದರೆ ಮತ್ತೆ ಸಿಗುತ್ತದೆ, ಮಗು ಎಲ್ಲಿಗೆ ಹೋಗುತ್ತದೆ, ಎದುರಿಗೇ ಇದೆಯಲ್ಲ ಎಂದು ವಾದ ಮಾಡಿದ. ಅಪ್ಪನೂ ಅವನ ಕಡೆಗೇ ಸೇರಿ, ಅತ್ತಿಗೆ, ಇದು ನೀವು ಅಣ್ಣನಿಗಾದರೂ ಮಾಡಬೇಕು ಎಂದರು.

"ಅವರಿಗೋಸ್ಕರವೇ ಬೇಡ ಅಂತಿರೋದು ಕಣಪ್ಪ" ಎಂದಳು ದೊಡ್ಡಮ್ಮ. "ಅವರು ಹಿಡಿದು ನನಗೆ ಕೊಟ್ಟಿದ್ರು. ಈಗ ಈ ಮರಿಸ್ವಾಮಿ ಹಿಡಿದುಕೊಟ್ರೆ ಅದು ಬರೀ ಮಳೆ."

ಮಾರನೆಯ ದಿನ ಹಿತ್ತಲಿನಲ್ಲಿ, ಬಿಟ್ಟ ಇಟ್ಟಿಗೆಯ ಜಾಗದ ನೇರಕ್ಕೆ, ನೀರೊಲೆ ಹೂಡಿಸಿದಳು. ಕುಮುದಕ್ಕನನ್ನೂ ಮಗುವನ್ನೂ ಕಂಬಳಿ ಹೊದಿಸಿ ಬೀದಿ ದಾಟಿಸಿ ತಂದೆವು. ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ದೊಡ್ಡಮ್ಮನೇ. ಅದು ಊರಿಗೇ ಕೇಳುವ ಹಾಗೆ ಅತ್ತಿತು. ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ, ಬಜೆ ಹಾಕಿ, ಬುಟ್ಟಿ ಬೋರಲು ಹಾಕಿ ಹೊಗೆ ಎಬ್ಬಿಸಿದರು. ಒಳಗೆ ಅಮ್ಮ ಮೆಣಸಿನ ಸಾರಿಗೆ ತುಪ್ಪದ ಒಗ್ಗರಣೆ ಹಾಕಿದಳು. ಮೇಸ್ತ್ರಿ ಸಂದಿನೊಳಗೆ ಇಣುಕಿ, ಕೈಯಾಡಿಸಿ, ಹೊಸ ಹಲಗೆಯನ್ನು ಎಲ್ಲರಿಗೂ ಎತ್ತಿ ತೋರಿಸಿ ಪಕ್ಕಕ್ಕಿಟ್ಟ. ದೊಡ್ಡಮ್ಮ ಒದ್ದೆ ಕೈಯಲ್ಲೇ ಏಣಿ ಹತ್ತಿ ಕೊನೆಯ ಇಟ್ಟಿಗೆ ಇಟ್ಟಳು. ಈ ಸಲ ಏಣಿ ಹಿಡಿದುಕೊಂಡವಳು ನಾನು.

ಅಂದಿನಿಂದ ನಮ್ಮದು ಬಾಣಂತಿ ಮನೆಯಾಯಿತು. ಚಿನ್ನ ಕೊಟ್ಟು ಹಿತ್ತಾಳೆ ತಂದರು ಎಂದು ಕೆಲವರು ಆಡಿಕೊಂಡರು. ನಾನು ಮದುವೆಯಾಗಿ ಬಂದ ಈ ಊರಿನಲ್ಲಿ ಗೋಡೆಗಳು ಒಂಟಿ, ಇಲ್ಲಿ ಒರಗಿ ಕೂತರೆ ಸಿಗುವುದು ಗೋಡೆ ಮಾತ್ರ. ಎಲ್ಲಾದರೂ ಸಾಂಬ್ರಾಣಿ ಹೊಗೆ ಮೂಗಿಗೆ ಬಿದ್ದರೆ, ಎಷ್ಟು ವಯಸ್ಸಾಗಿದೆ ಎಂಬುದನ್ನೂ ಮರೆತು ತವರಿಗೆ ಹೋಗಬೇಕೆನಿಸಿಬಿಡುತ್ತದೆ.

ಗೋಡೆ ಮತ್ತೆ ಮುಚ್ಚಿದ ಆ ವರ್ಷ ಅಶ್ವಿನಿ ಮಳೆ ಮಧ್ಯಾಹ್ನವೇ ಬಂತು. ಕತ್ತಲು ಕವಿದು, ಗಾಳಿ ಎದ್ದು, ಬೀದಿಯವರೆಲ್ಲ ಅಂಗಳಕ್ಕಿಳಿದರು. ದೊಡ್ಡಮ್ಮ ನಡುಕೋಣೆಯಲ್ಲಿ ತೊಟ್ಟಿಲು ತೂಗುತ್ತಿದ್ದಳು. ಮೊದಲ ಹನಿಗಳು ಹೆಂಚಿಗೆ ಬಿದ್ದ ಸದ್ದು ಕೇಳಿ ತೊಟ್ಟಿಲಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಏಣಿ ಹಿಡಿದ ಆ ದಿನದ ಮೇಲೆ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದಳು. ಹೊಸ್ತಿಲು ದಾಟಿ, ಅಂಗಳದ ನಡುವೆ ಹೋಗಿ ನಿಂತಳು. ಮಣ್ಣು ಘಮ್ಮೆಂದು ಎದ್ದಿತು. ಅವಳು ತಲೆಯೆತ್ತಿ, ಉಪ್ಪು ಹುಳಿ ನೋಡುವವಳ ಹಾಗೆ, ಉಸಿರೆಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಸೀರೆಯೆಲ್ಲ ತೊಯ್ದು ಮೈಗಂಟಿತು. ಅಮ್ಮ ಒಳಗಿನಿಂದ, ಅಕ್ಕಾ ಶೀತ ಆಗುತ್ತೆ ಬನ್ನಿ ಎಂದು ಕೂಗುತ್ತಲೇ ಇದ್ದಳು.

ಒಳಗೆ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು, ಅಥವಾ ಮಳೆಯಿತ್ತು, ಮುಖ ಮಾತ್ರ ಗೆದ್ದವರ ಮುಖ. ನಾನು ಟವೆಲ್ಲು ಹಿಡಿದರೆ ತೆಗೆದುಕೊಳ್ಳದೆ ನನ್ನ ತೋಳು ಹಿಡಿದುಕೊಂಡಳು.

"ನಿಮ್ಮ ದೊಡ್ಡಪ್ಪ ಸರಿಯಾಗೇ ಹಿಡಿದಿದ್ರು ಕಣೇ" ಎಂದಳು. "ಒಂದು ಚೂರೂ ಹೆಚ್ಚುಕಮ್ಮಿ ಇರಲಿಲ್ಲ."